ಅರಳು ಮರಳು ಅಂತ ಸುಮ್ಮನಾಗಬೇಡಿ



ಹಬ್ಬ, ನಾಟಕ, ಅಡಿಗೆಯ ವಿಷಯಗಳನ್ನು ಬಿಟ್ಟು ಈ ಸಲ ಸ್ವಲ್ಪ ಕಷ್ಟದ ವಿಷಯ ಬರೆಯುತ್ತಿದ್ದೇನೆ. ಸಾವಿನ ಬಗ್ಗೆ ಬರೆಯಲೂ ಮನಸ್ಸಾಗುವುದಿಲ್ಲ, ಓದಲೂ ಮನಸ್ಸಾಗುವುದಿಲ್ಲ. ಆದರೂ ದಯವಿಟ್ಟು ಕೊನೆಯವರೆಗೆ ಓದಿ. ನಾನು ಡಾಕ್ಟರಲ್ಲ. ಒಂಬತ್ತು ವರ್ಷ ಅತ್ತೆಯವರನ್ನು ಜೊತೆಯಲ್ಲಿಟ್ಟುಕೊಂಡಿದ್ದ ಸೊಸೆ, ಅಷ್ಟೆ. ಅವರು ಹೋದ ಮೇಲೆ ಓದಿ, ಕೇಳಿ ತಿಳಿದುಕೊಂಡದ್ದು ನಿಮಗೂ ಉಪಯೋಗವಾಗಲಿ ಎಂದು ಬರೆಯುತ್ತಿದ್ದೇನೆ.

2023ರ ಜುಲೈನಲ್ಲಿ ನಮ್ಮ ಅತ್ತೆ ಬ್ರಿಕ್‌ಫೀಲ್ಡ್ಸ್‌ನ ನಮ್ಮ ಫ್ಲ್ಯಾಟಿನಲ್ಲೇ ತೀರಿಕೊಂಡರು. ವಯಸ್ಸು 82. ಇಲ್ಲಿ ಮನೆಯಲ್ಲಿ ಸಾವಾದರೆ ಪೊಲೀಸರಿಗೆ ತಿಳಿಸಬೇಕು ಎಂಬುದು ನಿಮ್ಮಲ್ಲಿ ಹಲವರಿಗೆ ಗೊತ್ತಿದೆ. ಅವರು ಬಂದು ನೋಡಿದರು, ನಾಲ್ಕು ಮಾತು ಸಮಾಧಾನ ಹೇಳಿದರು, ಸಂಸ್ಕಾರಕ್ಕೆ ಬೇಕಾದ ಕಾಗದ ಮಾಡಿಕೊಟ್ಟರು. ಸಾವಿನ ಕಾರಣ ಎಂಬ ಕಡೆ ಎರಡೇ ಮಲಯ್ ಪದ: 'ಸಾಕಿತ್ ತುವಾ'. ಅಂದರೆ ಮುಪ್ಪಿನ ಕಾಯಿಲೆ. ಅತ್ತೆಯ ಏಳು ವರ್ಷದ ಆಸ್ಪತ್ರೆಯ ಫೈಲು ಬೀರುವಿನಲ್ಲೇ ಇತ್ತು. ತೆಗೆದು ತೋರಿಸಬೇಕೆಂದು ಆ ಹೊತ್ತಿನಲ್ಲಿ ನಮಗೆ ಹೊಳೆಯಲೂ ಇಲ್ಲ.

ಊರಿನಿಂದ ಫೋನುಗಳು ಬಂದವು. "ವಯಸ್ಸಾಗಿತ್ತು ಬಿಡಿ, ಪುಣ್ಯವಂತರು, ಮಗನ ಮನೆಯಲ್ಲಿ ಹೋದರು" ಎಂದು ಎಲ್ಲರೂ ಅಂದರು. ನಾವೂ ಹೌದು ಎಂದೆವು. ನಮ್ಮವರು ಅಸ್ಥಿ ತೆಗೆದುಕೊಂಡು ಹೋಗಿ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಬಿಟ್ಟು ಬಂದರು.

ಮರುವರ್ಷ ಅರಸೀಕೆರೆಯಿಂದ ನಾದಿನಿ ಫೋನ್ ಮಾಡಿದಳು. ಅವಳಿಗೀಗ ಐವತ್ತೆಂಟು. "ಅತ್ತಿಗೆ, ಇತ್ತೀಚೆಗೆ ನನಗೆ ತುಂಬಾ ಮರೆವು. ಒಲೆ ಮೇಲೆ ಹಾಲಿಟ್ಟು ಎರಡು ಸಲ ಮರೆತೆ. ಡಾಕ್ಟರ ಹತ್ತಿರ ಹೋಗಿದ್ದೆ. ನಿಮ್ಮ ತಾಯಿ ಯಾವುದರಿಂದ ಹೋದರು ಅಂತ ಕೇಳಿದರು. ವಯಸ್ಸಾಗಿತ್ತು ಅಂದೆ. ಅದು ಉತ್ತರ ಅಲ್ಲಮ್ಮ ಅಂದರು. ಅಮ್ಮ ಯಾವುದರಿಂದ ಹೋದದ್ದು ಅತ್ತಿಗೆ?"

ನಾನು ಒಂದು ನಿಮಿಷ ಮಾತಾಡಲಿಲ್ಲ. ಅಮ್ಮನಿಗೆ ಮರೆವು ಎಂದು ಅವಳಿಗೆ ಗೊತ್ತಿತ್ತು. ಕಾಯಿಲೆಯ ಹೆಸರನ್ನು ಮಾತ್ರ ನಾವು ಅವಳಿಗೆ ಹೇಳಿರಲಿಲ್ಲ. "ಅರವತ್ತಕ್ಕೆ ಅರಳು ಮರಳು ಅಲ್ವೇನೇ" ಎಂದು ಪ್ರತಿ ಸಲವೂ ನಕ್ಕು ತೇಲಿಸಿದ್ದೆವು. ಸುಮ್ಮನೆ ಹೆದರಿಸುವುದೇಕೆ ಎಂಬ ಯೋಚನೆ.

ಜನ ಯಾವುದರಿಂದ ಸಾಯುತ್ತಾರೆ?

ಈ ಪ್ರಶ್ನೆಗೆ ವಿಶ್ವ ಆರೋಗ್ಯ ಸಂಸ್ಥೆ ಕಾಲಕಾಲಕ್ಕೆ ಲೆಕ್ಕ ಕೊಡುತ್ತದೆ. 2021ರಲ್ಲಿ ಪ್ರಪಂಚದಲ್ಲಿ ಸುಮಾರು 6 ಕೋಟಿ 80 ಲಕ್ಷ ಜನ ತೀರಿಕೊಂಡರು. ಮೊದಲ ಸ್ಥಾನ ಹೃದಯದ ರಕ್ತನಾಳಗಳ ಕಾಯಿಲೆಗೆ, ಸುಮಾರು 90 ಲಕ್ಷ ಸಾವು. ಎರಡನೆಯದು ಆ ವರ್ಷದ ಕೋವಿಡ್, ಸುಮಾರು 88 ಲಕ್ಷ. ಆಮೇಲೆ ಪಾರ್ಶ್ವವಾಯು, ದೀರ್ಘಕಾಲದ ಶ್ವಾಸಕೋಶದ ಕಾಯಿಲೆ, ನ್ಯುಮೋನಿಯಾದಂಥ ಸೋಂಕುಗಳು, ಶ್ವಾಸಕೋಶದ ಕ್ಯಾನ್ಸರ್. ಏಳನೆಯ ಸ್ಥಾನದಲ್ಲಿ ಆಲ್ಜೈಮರ್ ಮತ್ತು ಇತರ ಡಿಮೆನ್ಷಿಯಾ: 18 ಲಕ್ಷ ಸಾವು! ಸಕ್ಕರೆ ಕಾಯಿಲೆ, ಮೂತ್ರಪಿಂಡದ ಕಾಯಿಲೆ, ಕ್ಷಯ, ಇವೆಲ್ಲ ಅದರ ನಂತರ. ಡಿಮೆನ್ಷಿಯಾದಿಂದ ಹೋದ ಪ್ರತಿ ನೂರು ಜನರಲ್ಲಿ 68 ಮಂದಿ ಹೆಂಗಸರು.

ನಾನು ಇದನ್ನು ಮೊದಲ ಸಲ ಓದಿದಾಗ ನಂಬಲಿಲ್ಲ. ಮರೆವಿನಿಂದ ಯಾರಾದರೂ ಸಾಯುತ್ತಾರೆಯೇ? ಹೃದಯ ನಿಂತರೆ ಸಾವು, ಉಸಿರು ನಿಂತರೆ ಸಾವು. ಹೆಸರು ಮರೆತರೆ, ದಾರಿ ತಪ್ಪಿದರೆ ಸಾವು ಹೇಗೆ ಬರುತ್ತದೆ?

ಇನ್ನೊಂದು ಲೆಕ್ಕ ನೋಡಿ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2022ರಲ್ಲಿ ಸಾವಿನ ಕಾರಣಗಳಲ್ಲಿ ಡಿಮೆನ್ಷಿಯಾಕ್ಕೇ ಮೊದಲ ಸ್ಥಾನ. ನೂರು ಸಾವಿನಲ್ಲಿ 11ಕ್ಕಿಂತ ಹೆಚ್ಚು. ಅದೇ ವರ್ಷ ನಮ್ಮ ಮಲೇಷಿಯಾದಲ್ಲಿ ವೈದ್ಯರು ದೃಢೀಕರಿಸಿದ ಸಾವುಗಳಲ್ಲಿ ಮೊದಲನೆಯದು ಹೃದಯದ ಕಾಯಿಲೆ, ನೂರಕ್ಕೆ 16. ನ್ಯುಮೋನಿಯಾ, ಪಾರ್ಶ್ವವಾಯು, ರಸ್ತೆ ಅಪಘಾತ ಇವೂ ಇಲ್ಲಿನ ಮುಖ್ಯ ಕಾರಣಗಳು. ಡಿಮೆನ್ಷಿಯಾ ಈ ಮೇಲಿನ ಸಾಲಿನಲ್ಲಿ ಕಾಣುವುದಿಲ್ಲ. ಹಾಗಾದರೆ ಮಲೇಷಿಯಾದ ಮುದುಕರಿಗೆ ಮರೆವಿನ ಕಾಯಿಲೆ ಇಲ್ಲವೇ? ಇದೆ. 2018ರ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯ ಪ್ರಕಾರ ಇಲ್ಲಿ 60 ದಾಟಿದ ನೂರು ಜನರಲ್ಲಿ 8.5 ಮಂದಿಗೆ ಡಿಮೆನ್ಷಿಯಾ ಇರುವ ಸಂಭವ ಇದೆ. ಭಾರತದಲ್ಲೂ ಹೆಚ್ಚು ಕಡಿಮೆ ಹಾಗೆಯೇ. 2023ರಲ್ಲಿ ಪ್ರಕಟವಾದ ಅಧ್ಯಯನ 60 ದಾಟಿದವರಲ್ಲಿ ನೂರಕ್ಕೆ 7.4, ಒಟ್ಟು ಸುಮಾರು 88 ಲಕ್ಷ ಜನ ಎಂದು ಅಂದಾಜು ಮಾಡಿದೆ.

ಕಾಯಿಲೆ ಇದೆ, ಪಟ್ಟಿಯ ಮೇಲ್ಭಾಗದಲ್ಲಿ ಅದರ ಹೆಸರಿಲ್ಲ. ಏಕೆ?

ಕಾಗದದಲ್ಲಿ ಏನು ಬರೆಯುತ್ತಾರೆ?

ಒಂದು ಕಾರಣ, ಇಂಗ್ಲೆಂಡಿನ ಜನ ಹೆಚ್ಚು ವರ್ಷ ಬದುಕುತ್ತಾರೆ, ಹೃದಯಾಘಾತದಿಂದ ಸಾಯುವವರು ಅಲ್ಲಿ ಕಡಿಮೆಯಾಗಿದ್ದಾರೆ. ಮತ್ತೊಂದು ಕಾರಣ, ಅಲ್ಲಿ ಕಾಯಿಲೆಯನ್ನು ಗುರುತಿಸುವ, ಬರೆಯುವ, ಎಣಿಸುವ ಪದ್ಧತಿ ಬದಲಾಗಿದೆ.

ಸಾವಿನ ಸರ್ಟಿಫಿಕೇಟಿನಲ್ಲಿ ವೈದ್ಯರು ಒಂದರ ಕೆಳಗೊಂದು ಸಾಲು ತುಂಬುತ್ತಾರೆ. ಮೇಲಿನ ಸಾಲು ಕೊನೆಯ ಗಳಿಗೆಯಲ್ಲಿ ಆದದ್ದು. ಕೆಳಗಿನ ಸಾಲು, ಅದು ಯಾವುದರಿಂದ ಆಯಿತು. ಇನ್ನೂ ಕೆಳಗೆ, ಅದಕ್ಕೆ ಮೂಲ ಯಾವುದು. ಅಂಕಿ ಅಂಶದವರು ಎಣಿಸುವುದು ಆ ಮೂಲ ಕಾರಣವನ್ನು. ನಮ್ಮ ಅತ್ತೆಯದನ್ನು ಸರಿಯಾಗಿ ಬರೆದಿದ್ದರೆ ಹೀಗಿರುತ್ತಿತ್ತು: ಮೇಲೆ ನ್ಯುಮೋನಿಯಾ, ಅದರ ಕೆಳಗೆ ನುಂಗುವ ತೊಂದರೆ, ಎಲ್ಲಕ್ಕಿಂತ ಕೆಳಗೆ ಆಲ್ಜೈಮರ್. ಮೇಲಿನ ಸಾಲು ಒಂದನ್ನೇ ಬರೆದಿದ್ದರೆ ಅವರು ನ್ಯುಮೋನಿಯಾದ ಲೆಕ್ಕಕ್ಕೆ ಸೇರುತ್ತಿದ್ದರು. ಈಗ 'ಸಾಕಿತ್ ತುವಾ' ಲೆಕ್ಕಕ್ಕೆ ಸೇರಿದ್ದಾರೆ.

ಮಲೇಷಿಯಾದ ಅಂಕಿ ಅಂಶ ಇಲಾಖೆ ಸಾವುಗಳನ್ನು ಎರಡು ಭಾಗ ಮಾಡುತ್ತದೆ. ವೈದ್ಯರು ದೃಢೀಕರಿಸಿದ್ದು ಒಂದು, ಹಾಗಲ್ಲದ್ದು ಇನ್ನೊಂದು. ಈ ಎರಡನೆಯ ಭಾಗದಲ್ಲಿ '65 ದಾಟಿದವರ ಮುಪ್ಪು' ಎಂಬುದೇ ಒಂದು ದೊಡ್ಡ ಕಾರಣ. ಊರಿನ ಕಡೆಯಂತೂ ಕೇಳುವುದೇ ಬೇಡ. ಭಾರತದಲ್ಲಿ 2020ರಲ್ಲಿ ನೋಂದಾಯಿತವಾದ ಸಾವುಗಳಲ್ಲಿ ವೈದ್ಯರು ಕಾರಣ ದೃಢೀಕರಿಸಿದ್ದು ನೂರಕ್ಕೆ 22.5 ಮಾತ್ರ. ಉಳಿದವರೆಲ್ಲ ಏನಾಗಿ ಹೋದರು ಎಂಬುದು ಮನೆಯವರ ಬಾಯಲ್ಲಿ ಉಳಿದಿದೆ, ಅಷ್ಟೆ.

ಇದು ನಮ್ಮ ಕಡೆಯವರ ತಪ್ಪು ಮಾತ್ರವೂ ಅಲ್ಲ. ಜರ್ಮನಿಯ ಆಲೋಯಿಸ್ ಆಲ್ಜೈಮರ್ ಈ ಕಾಯಿಲೆಯನ್ನು ವಿವರಿಸಿದ್ದು 1906ರಲ್ಲಿ. ಆದರೆ ಎಷ್ಟೋ ದಶಕಗಳ ಕಾಲ ಆ ಹೆಸರನ್ನು 65ರ ಒಳಗಿನವರಿಗೆ ಮಾತ್ರ ಇಟ್ಟುಕೊಂಡಿದ್ದರು. ಮುದುಕರಿಗೆ ಬಂದರೆ ಅದು ಬರೀ ಮುಪ್ಪು. ಅಂದರೆ ಅವರಿಗೂ ಒಂದು ಅರಳು ಮರಳು ಇತ್ತು! 1976ರಲ್ಲಿ ಅಮೆರಿಕದ ನರರೋಗ ತಜ್ಞ ರಾಬರ್ಟ್ ಕಾಟ್ಜ್‌ಮನ್ ಒಂದು ಸಣ್ಣ ಲೇಖನ ಬರೆದು, ಎರಡೂ ಒಂದೇ ಕಾಯಿಲೆ, ಎರಡನ್ನೂ ಸೇರಿಸಿ ಎಣಿಸಿದರೆ ಇದು ನಮ್ಮ ದೇಶದಲ್ಲಿ ಸಾವಿನ ನಾಲ್ಕನೆಯ ಅಥವಾ ಐದನೆಯ ಕಾರಣ ಆಗಬಹುದು ಎಂದರು. ಆಗ ಸರ್ಕಾರದ ಪಟ್ಟಿಯಲ್ಲಿ ಅದರ ಹೆಸರೇ ಇರಲಿಲ್ಲ. 2014ರಲ್ಲಿ ಷಿಕಾಗೋದ ಸಂಶೋಧಕರು ಇನ್ನೊಂದು ಲೆಕ್ಕ ಹಾಕಿದರು. 2010ರಲ್ಲಿ ಅಮೆರಿಕದ ಸರ್ಟಿಫಿಕೇಟುಗಳ ಪ್ರಕಾರ ಆಲ್ಜೈಮರ್‌ನಿಂದ ಸತ್ತವರು ಸುಮಾರು 84 ಸಾವಿರ. ಅವರ ಅಂದಾಜಿನಲ್ಲಿ 75 ದಾಟಿದವರಲ್ಲೇ 5 ಲಕ್ಷ!

ಮರೆವು ಹೇಗೆ ಕೊಲ್ಲುತ್ತದೆ?

ಡಿಮೆನ್ಷಿಯಾ ಎಂಬುದು ಒಂದೇ ಕಾಯಿಲೆಯ ಹೆಸರಲ್ಲ. ಜ್ವರ ಎಂದಂತೆ, ಅದೊಂದು ಲಕ್ಷಣ. ಅದಕ್ಕೆ ಕಾರಣವಾಗುವ ಕಾಯಿಲೆಗಳಲ್ಲಿ ಆಲ್ಜೈಮರ್ ದೊಡ್ಡದು, ನೂರರಲ್ಲಿ 60ರಿಂದ 70 ಪಾಲು ಅದೇ. ಮಿದುಳಿನ ಜೀವಕೋಶಗಳು ಸಾಯುತ್ತಾ ಹೋಗುತ್ತವೆ. ಮೊದಲು ನೆನಪು ಹೋಗುತ್ತದೆ. ನಾವು ಅಲ್ಲಿಗೇ ನಿಂತುಬಿಡುತ್ತೇವೆ. ಕಾಯಿಲೆ ಅಲ್ಲಿಗೆ ನಿಲ್ಲುವುದಿಲ್ಲ. ನಡೆಯುವುದು, ಮೂತ್ರ ತಡೆಯುವುದು, ಅಗಿಯುವುದು, ನುಂಗುವುದು, ಎಲ್ಲವನ್ನೂ ನಡೆಸುವುದು ಮಿದುಳೇ ತಾನೆ?

ಮಾವ ತೀರಿಕೊಂಡ ಮೇಲೆ, 2014ರಲ್ಲಿ, ಅತ್ತೆ ನಮ್ಮ ಹತ್ತಿರ ಬಂದರು. ಮೊದಲ ವರ್ಷ ಜಾಲಾನ್ ತುನ್ ಸಂಬಂಧನ್ ರಸ್ತೆಗೆ ಒಬ್ಬರೇ ಹೋಗಿ ಹೂ, ವೀಳ್ಯದೆಲೆ ತರುತ್ತಿದ್ದರು. ಹೂವಿನ ಅಂಗಡಿಯ ತಮಿಳು ಹೆಂಗಸಿನ ಜೊತೆ ಇವರು ಕನ್ನಡ, ಅವರು ತಮಿಳು, ಇಬ್ಬರಿಗೂ ಎಲ್ಲ ಅರ್ಥವಾಗುತ್ತಿತ್ತು. 2016ರಲ್ಲಿ ಒಂದು ಸಂಜೆ ಹೂವಿಗೆ ಹೋದವರು ಬರಲಿಲ್ಲ. ಎರಡು ಗಂಟೆ ಹುಡುಕಿದೆವು. ಅಂಧರಿಗಾಗಿ ಫುಟ್‌ಪಾತಿನ ಮೇಲೆ ಹಾಕಿರುವ ಉಬ್ಬು ಕಲ್ಲುಗಳ ಹಳದಿ ಪಟ್ಟಿಯನ್ನೇ ಹಿಡಿದು ಅವರು ನಡೆದೇ ನಡೆದಿದ್ದರು. ಕೊನೆಗೆ ಆ ಹೂವಿನ ಹೆಂಗಸೇ ಗುರುತು ಹಿಡಿದು ಕರೆತಂದಳು. ಅನಂತನಾಗ್ ಅವರ 'ಗೋಧಿ ಬಣ್ಣ ಸಾಧಾರಣ ಮೈಕಟ್ಟು' ಸಿನಿಮಾ ಬಂದದ್ದೂ ಅದೇ ವರ್ಷ. ಆಲ್ಜೈಮರ್ ಇರುವ ತಂದೆ ಕಾಣೆಯಾಗುವ ಕಥೆ ಅದು. ಅದನ್ನು ನೋಡಿದ ಮೇಲೆಯೇ ನಮ್ಮವರು ಆಸ್ಪತ್ರೆಯ ಮೆಮೊರಿ ಕ್ಲಿನಿಕ್‌ಗೆ ಅಪಾಯಿಂಟ್‌ಮೆಂಟ್ ಮಾಡಿಸಿದ್ದು.

ಆಮೇಲಿನ ವರ್ಷಗಳನ್ನು ಚಿಕ್ಕದಾಗಿ ಹೇಳುತ್ತೇನೆ. 2018ರ ಹೊತ್ತಿಗೆ ಮೊಮ್ಮಗಳ ಹೆಸರು ಹೋಯಿತು. 2020ರಲ್ಲಿ ಬಚ್ಚಲಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿಯಿತು. ಆಮೇಲೆ ಸರಿಯಾಗಿ ನಡೆಯಲಿಲ್ಲ. 2022ರಲ್ಲಿ ಊಟ ನುಂಗುವಾಗ ಕೆಮ್ಮು ಶುರುವಾಯಿತು. ನಾನು ಮಾಡಿದ ತಪ್ಪು ಇಲ್ಲೇ. ಅವರು ಊಟ ಬಿಡುತ್ತಿದ್ದಾರೆಂದು ಗಾಬರಿಯಾಗಿ, ಮಲಗಿದ್ದಂತೆಯೇ ತಲೆ ಸ್ವಲ್ಪ ಎತ್ತಿ, ಚಮಚದಲ್ಲಿ ತಿಳಿ ಸಾರು, ನೀರು ಬಾಯಿಗೆ ಹಾಕುತ್ತಿದ್ದೆ. "ಇನ್ನೊಂದು ತುತ್ತು ಅತ್ತೆ, ಇನ್ನೊಂದೇ ತುತ್ತು" ಎಂದು ಬಲವಂತ ಮಾಡುತ್ತಿದ್ದೆ. ಹೊಟ್ಟೆಗೆ ಹೋಗಬೇಕಾದದ್ದರಲ್ಲಿ ಸ್ವಲ್ಪ ಸ್ವಲ್ಪ ಶ್ವಾಸಕೋಶಕ್ಕೆ ಹೋಗುತ್ತಿತ್ತು. 2023ರ ಏಪ್ರಿಲ್‌ನಲ್ಲಿ ನ್ಯುಮೋನಿಯಾ ಆಗಿ ಹತ್ತು ದಿನ ಆಸ್ಪತ್ರೆ. ಆಗ ಅಲ್ಲಿನ ಡಾಕ್ಟರು ಬಿಡಿಸಿ ಹೇಳಿದರು, ಇದು ಬೇರೆ ಕಾಯಿಲೆ ಅಲ್ಲ, ಅದೇ ಕಾಯಿಲೆಯ ಕೊನೆಯ ಭಾಗ ಎಂದು.

2009ರಲ್ಲಿ ಪ್ರಕಟವಾದ ಒಂದು ಪ್ರಸಿದ್ಧ ಅಧ್ಯಯನ ಇದನ್ನೇ ಹೇಳುತ್ತದೆ. ಬಾಸ್ಟನ್ ಸುತ್ತಮುತ್ತಲ 22 ನರ್ಸಿಂಗ್ ಹೋಮ್‌ಗಳಲ್ಲಿ ಡಿಮೆನ್ಷಿಯಾ ಕೊನೆಯ ಹಂತಕ್ಕೆ ಬಂದಿದ್ದ 323 ಜನರನ್ನು 18 ತಿಂಗಳು ಗಮನಿಸಿದರು. ನೂರಕ್ಕೆ 86 ಮಂದಿಗೆ ಊಟ ನುಂಗುವ ತೊಂದರೆ, 41 ಮಂದಿಗೆ ನ್ಯುಮೋನಿಯಾ ಬಂತು. ನೂರಕ್ಕೆ 55 ಮಂದಿ ಅಷ್ಟರೊಳಗೆ ತೀರಿಕೊಂಡರು.

ನಿಮ್ಮ ಮನೆಯಲ್ಲಿ ಇಂಥವರಿದ್ದರೆ ನಾನು ತಡವಾಗಿ ಕಲಿತದ್ದನ್ನು ನೀವು ಮೊದಲೇ ತಿಳಿದುಕೊಳ್ಳಿ. ಊಟ ಮಾಡಿಸುವಾಗ ನೆಟ್ಟಗೆ ಕೂರಿಸಿ. ಸಣ್ಣ ತುತ್ತು ಕೊಡಿ, ನುಂಗಿದರೆಂದು ನೋಡಿಕೊಂಡು ಮುಂದಿನದು. ನೀರು, ತಿಳಿ ಸಾರು ಕುಡಿಯುವಾಗ ಕೆಮ್ಮು ಬಂದರೆ ನುಂಗುವುದನ್ನು ಪರೀಕ್ಷಿಸುವ ತಜ್ಞರನ್ನು ಕೇಳಿ. ಎಷ್ಟು ಗಟ್ಟಿ, ಎಷ್ಟು ತೆಳು ಎಂದು ಅವರು ಹೇಳಿಕೊಡುತ್ತಾರೆ. ಊಟವಾದ ಮೇಲೆ ಅರ್ಧ ಗಂಟೆಯಾದರೂ ಕೂರಿಸಿರಿ. ಬಾಯಿ, ಹಲ್ಲು ಸ್ವಚ್ಛವಾಗಿರಲಿ. ಕೊನೆಯ ಹಂತದಲ್ಲಿ ಮೂಗಿನ ನಳಿಕೆ, ಹೊಟ್ಟೆಯ ನಳಿಕೆ ಹಾಕಿಸುವ ಮಾತು ಬರುತ್ತದೆ. ಅದರಿಂದ ಆಯುಸ್ಸು ಹೆಚ್ಚುವುದಿಲ್ಲ, ನ್ಯುಮೋನಿಯಾ ತಪ್ಪುವುದೂ ಇಲ್ಲ ಎಂದು ಅಮೆರಿಕದ ವೃದ್ಧವೈದ್ಯರ ಸಂಘ 2014ರಲ್ಲೇ ಹೇಳಿದೆ. ಕೈಯಿಂದ ನಿಧಾನವಾಗಿ ಉಣಿಸುವುದನ್ನೇ ಅವರು ಸೂಚಿಸುತ್ತಾರೆ. ನಾವೂ ನಳಿಕೆ ಬೇಡವೆಂದೆವು. ಈ ಮಾತನ್ನು ಅಣ್ಣ ತಮ್ಮ, ಅಕ್ಕ ತಂಗಿಯರೆಲ್ಲ ಸೇರಿ ಮೊದಲೇ ಆಡಿಕೊಂಡರೆ ಒಳ್ಳೆಯದು. ನಾವು ಆಸ್ಪತ್ರೆಯ ಕಾರಿಡಾರಿನಲ್ಲಿ ನಿಂತು ತೀರ್ಮಾನ ಮಾಡಿದೆವು. ನಾದಿನಿಯನ್ನು ಕೇಳಲೂ ಇಲ್ಲ.

ಹಾಗಾದರೆ ಏನು ಮಾಡಬಹುದು?

ಆಲ್ಜೈಮರ್ ಪೂರ್ತಿ ವಾಸಿ ಮಾಡುವ ಔಷಧಿ ಇಲ್ಲ. ಡೊನೆಪೆಜಿಲ್‌ನಂಥ ಮಾತ್ರೆಗಳು ಕೆಲಕಾಲ ಲಕ್ಷಣಗಳನ್ನು ಹತೋಟಿಯಲ್ಲಿಡುತ್ತವೆ. 2023 ಮತ್ತು 2024ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಲೆಕಾನೆಮ್ಯಾಬ್, ಡೊನಾನೆಮ್ಯಾಬ್ ಎಂಬ ಹೊಸ ಔಷಧಿಗಳು ತೀರಾ ಆರಂಭದ ಹಂತದವರಿಗೆ ಮಾತ್ರ, ಕಾಯಿಲೆಯ ವೇಗವನ್ನು ಸ್ವಲ್ಪ ತಗ್ಗಿಸುತ್ತವೆ.

ಆದರೆ ತಡೆಯುವ ದಾರಿ ಇದೆ. 2024ರ ಲ್ಯಾನ್ಸೆಟ್ ಆಯೋಗದ ವರದಿ 14 ಕಾರಣಗಳನ್ನು ಹೆಸರಿಸಿದೆ. ಇವೆಲ್ಲವನ್ನೂ ಸರಿಪಡಿಸಿದರೆ ಡಿಮೆನ್ಷಿಯಾದಲ್ಲಿ ನೂರಕ್ಕೆ 45ರಷ್ಟನ್ನು ತಡೆಯಬಹುದು ಅಥವಾ ಮುಂದೂಡಬಹುದು ಎನ್ನುತ್ತದೆ. ರಕ್ತದೊತ್ತಡ, ಸಕ್ಕರೆ ಕಾಯಿಲೆ, ಕೊಲೆಸ್ಟರಾಲ್, ಬೊಜ್ಜು, ಸಿಗರೇಟು, ಅತಿ ಕುಡಿತ, ವ್ಯಾಯಾಮವಿಲ್ಲದಿರುವುದು, ಖಿನ್ನತೆ, ತಲೆಗೆ ಪೆಟ್ಟು, ಹೊಗೆ ತುಂಬಿದ ಗಾಳಿ, ಕಡಿಮೆ ವಿದ್ಯಾಭ್ಯಾಸ. ಇನ್ನು ಮೂರನ್ನು ನಮ್ಮ ಮನೆಗಳಲ್ಲಿ ಯಾರೂ ಗಮನಿಸುವುದಿಲ್ಲ: ಕಿವಿ ಕೇಳದಿರುವುದು, ಕಣ್ಣು ಕಾಣದಿರುವುದು, ಒಂಟಿತನ. ಊರಿನಿಂದ ಬಂದ ಅಪ್ಪ ಅಮ್ಮ ಹದಿನೈದನೆಯ ಮಹಡಿಯಲ್ಲಿ ಇಡೀ ದಿನ ಒಬ್ಬರೇ ಕೂತಿರುತ್ತಾರೆ, ನಾವು ಕೆಲಸಕ್ಕೆ ಹೋಗಿರುತ್ತೇವೆ. ಕಿವಿಗೆ ಮೆಷಿನ್ ಹಾಕಿಸುವುದನ್ನು "ಈ ವಯಸ್ಸಲ್ಲಿ ಯಾಕೆ" ಎಂದು ಮುಂದೂಡುತ್ತೇವೆ. ನಮ್ಮ ಅತ್ತೆಗೂ ಹಾಗೇ ಆಯಿತು.

ಎರಡನೆಯದು, ಎಲ್ಲ ಮರೆವೂ ಡಿಮೆನ್ಷಿಯಾ ಅಲ್ಲ. ಬಿ12 ಕೊರತೆ, ಥೈರಾಯ್ಡ್ ತೊಂದರೆ, ಖಿನ್ನತೆ, ಕೆಲವು ಮಾತ್ರೆಗಳಿಂದಲೂ ಮರೆವು ಬರುತ್ತದೆ. ಇವಕ್ಕೆ ಚಿಕಿತ್ಸೆ ಇದೆ. ನಮ್ಮಲ್ಲಿ ಸಸ್ಯಾಹಾರಿಗಳು ಬಿ12 ಪರೀಕ್ಷೆ ಮಾಡಿಸಿಕೊಳ್ಳಲೇಬೇಕು. ಒಂದೆರಡು ದಿನದಲ್ಲಿ ಇದ್ದಕ್ಕಿದ್ದಂತೆ ಗೊಂದಲ ಶುರುವಾದರೆ ಅದು ಸೋಂಕಿನಿಂದಲೋ ಬೇರೆ ಕಾಯಿಲೆಯಿಂದಲೋ ಇರಬಹುದು. ತಕ್ಷಣ ಆಸ್ಪತ್ರೆಗೆ ಕರೆದೊಯ್ಯಬೇಕು.

ಮೂರನೆಯದು, ಪರೀಕ್ಷೆಯ ಭಾಷೆ. ಇಂಗ್ಲಿಷಿನಲ್ಲೋ ಮಲಯ್‌ನಲ್ಲೋ ಪ್ರಶ್ನೆ ಕೇಳಿದರೆ ನಮ್ಮ ಹಿರಿಯರು ನೆನಪಿದ್ದೂ ಫೇಲಾಗುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಐದು ಭಾಷೆಗಳಲ್ಲಿ ನೆನಪಿನ ಪರೀಕ್ಷೆಗಳನ್ನು ಸಿದ್ಧಪಡಿಸಿದೆ, ಅದರಲ್ಲಿ ಕನ್ನಡವೂ ಇದೆ. ಊರಿಗೆ ಹೋದಾಗ ಬೆಂಗಳೂರಿನ ನಿಮ್ಹಾನ್ಸ್‌ನಂಥ ಕಡೆ ಕನ್ನಡದಲ್ಲೇ ಪರೀಕ್ಷೆ ಮಾಡಿಸಬಹುದು. ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 2018ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದವರು 45 ದಾಟಿದ ಹತ್ತು ಸಾವಿರ ಜನರನ್ನು ವರ್ಷಗಟ್ಟಲೆ ಗಮನಿಸುವ ಗುರಿಯಿಟ್ಟುಕೊಂಡು ಅಧ್ಯಯನ ಶುರು ಮಾಡಿದರು. ನಮ್ಮ ಜನರಿಗೆ ಈ ಕಾಯಿಲೆ ಹೇಗೆ ಬರುತ್ತದೆ ಎಂಬುದು ಇಂಥ ಕೆಲಸದಿಂದ ತಿಳಿಯಬೇಕು.

ಕೊನೆಯದು, ಹೆಸರು ಬರೆಸಿ. ಹಿರಿಯರು ಮನೆಯಲ್ಲೇ ಕೊನೆಯ ದಿನಗಳನ್ನು ಕಳೆಯುತ್ತಿದ್ದರೆ, ಚಿಕಿತ್ಸೆ ಕೊಡುತ್ತಿರುವ ಡಾಕ್ಟರನ್ನು ಮೊದಲೇ ಮಾತಾಡಿಸಿ, ಸಾವಿನ ಕಾರಣವನ್ನು ಅವರೇ ದೃಢೀಕರಿಸಬಹುದೇ ಎಂದು ಕೇಳಿ. ಪೊಲೀಸರು ಬಂದರೆ ಆಸ್ಪತ್ರೆಯ ಫೈಲು ತೋರಿಸಿ. ಭಾರತದಲ್ಲೂ ಮನೆಯಲ್ಲಿ ಆದ ಸಾವಿಗೆ ವೈದ್ಯರು ಕಾರಣ ಬರೆದುಕೊಡುವ 4ಎ ಎಂಬ ನಮೂನೆ ಇದೆ, ಕೇಳಿ ಪಡೆಯಿರಿ. ಒಂದು ಹೆಸರಿನಿಂದ ಸತ್ತವರು ಎದ್ದು ಬರುವುದಿಲ್ಲ, ನಿಜ. ಆದರೆ ಮಕ್ಕಳು, ಮೊಮ್ಮಕ್ಕಳು ಡಾಕ್ಟರ ಮುಂದೆ ಕೂತಾಗ ಹೇಳಲು ಒಂದು ಉತ್ತರ ಇರುತ್ತದೆ.

ನಾದಿನಿಗೆ ಆ ದಿನ ಎಲ್ಲವನ್ನೂ ಹೇಳಿದೆ. ಫೈಲಿನ ಪುಟಗಳ ಫೋಟೋ ತೆಗೆದು ಕಳಿಸಿದೆ. ಅವಳು ಅತ್ತಳು. "ನನಗೆ ಮೊದಲೇ ಹೇಳಬಾರದಿತ್ತಾ ಅತ್ತಿಗೆ, ಹೇಳಿದ್ದರೆ ಒಂದು ಸಲ ಬಂದು ಅಮ್ಮನ ಜೊತೆ ಇದ್ದು ಹೋಗ್ತಿದ್ದೆ" ಎಂದಳು. ಅದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ. ತಾಯಿಗೆ ಇದ್ದರೆ ಮಗಳಿಗೆ ಸಂಭವ ಸ್ವಲ್ಪ ಹೆಚ್ಚು, ಆದರೆ ಬಂದೇ ಬರುತ್ತದೆ ಎಂದಲ್ಲ ಎಂದು ಡಾಕ್ಟರು ಅವಳಿಗೆ ತಿಳಿಸಿ ಹೇಳಿದರಂತೆ. ರಕ್ತಪರೀಕ್ಷೆಯಲ್ಲಿ ಬಿ12 ತೀರಾ ಕಡಿಮೆ ಇತ್ತು. ಇಂಜೆಕ್ಷನ್ ಕೊಟ್ಟರು, ಬಿ.ಪಿ. ಮಾತ್ರೆ ಶುರುವಾಯಿತು. ಮರೆವು ಸ್ವಲ್ಪ ಕಡಿಮೆಯಾಗಿದೆ ಎನ್ನುತ್ತಾಳೆ. ಆದರೂ ಪ್ರತಿ ವರ್ಷ ಪರೀಕ್ಷೆಗೆ ಹೋಗಬೇಕು. ಯಾವುದನ್ನು ನೋಡಬೇಕೆಂದು ಅಲ್ಲಿನ ಡಾಕ್ಟರಿಗೆ ಈಗ ಗೊತ್ತಿದೆ.

ಈ ಭಾನುವಾರ ಊರಿಗೆ ಫೋನ್ ಮಾಡಿದಾಗ ನೀವೂ ಒಂದು ಕೆಲಸ ಮಾಡಿ. ಅಜ್ಜ, ಅಜ್ಜಿ, ದೊಡ್ಡಪ್ಪ, ಸೋದರತ್ತೆ ಯಾವುದರಿಂದ ತೀರಿಕೊಂಡರು ಎಂದು ಕೇಳಿ ಒಂದು ಹಾಳೆಯಲ್ಲಿ ಬರೆದಿಡಿ. "ವಯಸ್ಸಾಗಿತ್ತು" ಎಂದರೆ ಅಲ್ಲಿಗೇ ಬಿಡಬೇಡಿ. ಕೊನೆಯ ಎರಡು ವರ್ಷ ಹೇಗಿದ್ದರು, ಜನರ ಗುರುತು ಹಿಡಿಯುತ್ತಿದ್ದರೇ, ಊಟ ನುಂಗುತ್ತಿದ್ದರೇ ಎಂದು ಕೇಳಿ.

ನಿಮ್ಮ ಮನೆಯಲ್ಲೂ ಇಂಥ ಹಿರಿಯರಿದ್ದರೆ ಸಂಘದ ಮೂಲಕ ನನಗೆ ಬರೆಯಿರಿ. ಬ್ರಿಕ್‌ಫೀಲ್ಡ್ಸ್ ಸುತ್ತಮುತ್ತ ಇರುವವರಾದರೆ ಒಂದು ಮಧ್ಯಾಹ್ನ ಮನೆಗೇ ಬಂದು ಅವರ ಜೊತೆ ಕನ್ನಡದಲ್ಲಿ ಮಾತಾಡಿಕೊಂಡು ಕೂರುತ್ತೇನೆ. ನೀವು ಅಷ್ಟು ಹೊತ್ತು ಹೊರಗೆ ಹೋಗಿ ಒಂದು ಕಾಫಿ ಕುಡಿದು ಬನ್ನಿ.